ಪ್ರಾಮ್ ಟಿಕೆಟ್ ಅಗ್ಗ, ಉಳಿದದ್ದೇ ದುಬಾರಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಕೆಲವು ಶಾಲೆಗಳು ಹನ್ನೆರಡನೇ ತರಗತಿಯ ಮಕ್ಕಳಿಗೆ ‘ಪ್ರಾಮ್ ನೈಟ್’ ಮಾಡುತ್ತಿರುವ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ಫೋಟೋಗಳು ಚೆನ್ನಾಗಿದ್ದವು. ಖರ್ಚಿನ ಬಗ್ಗೆ ಮಾತ್ರ ಅದರಲ್ಲಿ ಇದ್ದದ್ದು ಒಂದೇ ಸಾಲು, ಟಿಕೆಟ್ ದರ ಪೋಷಕರ ಕೈಗೆಟಕುವಂತಿದೆ ಅಂತ. ಟಿಕೆಟ್ ನಾನಿರುವ ಅಮೆರಿಕದಲ್ಲೂ ಕೈಗೆಟಕುತ್ತದೆ. ಜೇಬಿಗೆ ಕತ್ತರಿ ಹಾಕುವುದು ಅದರ ಸುತ್ತ ಇರುವುದು.

ನಾನು ತುಮಕೂರಿನವಳು. ಈಗ ಇರುವುದು ಅಮೆರಿಕದ ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ, ಗಂಟೆ ಲೆಕ್ಕದ ಸಂಬಳ. (ಇಲ್ಲಿರುವವರೆಲ್ಲ ಸಾಫ್ಟ್‌ವೇರ್‌ನವರು ಅಂದುಕೊಳ್ಳಬೇಡಿ.) ಮಗನ ಪ್ರಾಮ್ 2022ರಲ್ಲಿ ಆಯಿತು, ಮಗಳದ್ದು 2025ರ ಜೂನ್‌ನಲ್ಲಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಹೈಸ್ಕೂಲ್ ಮುಗಿಸುವ ಮಕ್ಕಳು ಗೌನು, ಸೂಟು ಹಾಕಿಕೊಂಡು ಒಂದು ಹಾಲ್‌ಗೆ ಹೋಗಿ, ಊಟ ಮಾಡಿ, ಕುಣಿದು ಬರುವ ರಾತ್ರಿ ಅದು. ನಮ್ಮ ಸೆಂಡ್‌ಆಫ್ ಪಾರ್ಟಿಗೆ ದುಡ್ಡಿನ ಮನೆಯ ಅಕ್ಕ ಇದ್ದಂತೆ.

ಮಗಳ ಟಿಕೆಟ್‌ಗೆ 110 ಡಾಲರ್. ಊಟ, ಡಿಜೆ, ಹಾಲ್ ಬಾಡಿಗೆ ಎಲ್ಲ ಅದರಲ್ಲೇ. ಅದಕ್ಕೆ ನನ್ನ ತಕರಾರಿಲ್ಲ.

ಗೌನಿನ ಅಂಗಡಿಗೆ ಹೋಗಿದ್ದು ಜನವರಿಯಲ್ಲಿ. ಪ್ರಾಮ್ ಇರೋದು ಜೂನ್‌ನಲ್ಲಿ, ಇಷ್ಟು ಬೇಗ ಯಾಕೆ ಅಂತ ನಾನು ಕೇಳಿದ್ದೆ. ಉತ್ತರ ಅಂಗಡಿಯಲ್ಲೇ ಸಿಕ್ಕಿತು. ಅಲ್ಲಿನ ಹೆಂಗಸು ಅಳತೆ ಕೇಳಲಿಲ್ಲ, ಬಣ್ಣ ಕೇಳಲಿಲ್ಲ. ಮೊದಲು ಕೇಳಿದ್ದು ‘ಯಾವ ಸ್ಕೂಲು?’ ಅಂತ. ಹೇಳಿದ ಮೇಲೆ ಕಂಪ್ಯೂಟರಿನಲ್ಲಿ ಒಂದು ಪಟ್ಟಿ ತೆಗೆದರು. ಆ ಶಾಲೆಯ ಹುಡುಗಿಯರು ಯಾವ ನಂಬರಿನ ಗೌನು, ಯಾವ ಬಣ್ಣದ್ದು ತೆಗೆದುಕೊಂಡಿದ್ದಾರೆ ಅನ್ನುವುದೆಲ್ಲ ಅದರಲ್ಲಿದೆ. ಒಬ್ಬಳು ತೆಗೆದುಕೊಂಡ ಗೌನನ್ನು ಅದೇ ಶಾಲೆಯ ಇನ್ನೊಬ್ಬಳಿಗೆ ಮಾರುವುದಿಲ್ಲ. ಇಂಥ ಅಂಗಡಿಗಳಲ್ಲಿ ಇದು ಮಾಮೂಲಿ ಪದ್ಧತಿಯಂತೆ. ಮಗಳಿಗೆ ಹಿಡಿಸಿದ ಹಸಿರು ಗೌನು ಆಗಲೇ ಬೇರೆಯವಳ ಹೆಸರಿನಲ್ಲಿತ್ತು. ಅವಳು ಎರಡನೆಯದಾಗಿ ಮೆಚ್ಚಿದ್ದಕ್ಕೆ ಅದಕ್ಕಿಂತ 130 ಡಾಲರ್ ಜಾಸ್ತಿ.

ಅಂಗಡಿಯ ಪಟ್ಟಿ ಸಾಲದು ಅಂತ ಮಕ್ಕಳೇ ಇನ್‌ಸ್ಟಾಗ್ರಾಮಿನಲ್ಲಿ ಒಂದು ಖಾತೆ ಮಾಡಿಕೊಂಡಿರುತ್ತಾರೆ. ಗೌನು ಕೊಂಡವರೆಲ್ಲ ಅಲ್ಲಿ ಫೋಟೋ ಹಾಕಬೇಕು. ಹಾಕಿದ ಮೇಲೆ ಅದು ಅವಳದ್ದು. ನಾನು ಪಿಯುಸಿ ಸೆಂಡ್‌ಆಫ್‌ಗೆ ಅಕ್ಕನ ಮೈಸೂರು ಸಿಲ್ಕ್ ಉಟ್ಟು ಹೋಗಿದ್ದೆ. ಅವಳು ಉಟ್ಟಿದ್ದನ್ನು ಕಂಡವರು ಅಲ್ಲೂ ಇದ್ದರು, ಯಾರೂ ಏನೂ ಅನ್ನಲಿಲ್ಲ. ಇಲ್ಲಿ ಒಮ್ಮೆ ಫೋಟೋದಲ್ಲಿ ಕಂಡ ಬಟ್ಟೆಯ ಕಥೆ ಮುಗಿಯಿತು.

ಕೊನೆಗೆ ಗೌನು 460 ಡಾಲರಿಗೆ ಬಂತು. ನ್ಯೂಜೆರ್ಸಿಯಲ್ಲಿ ಬಟ್ಟೆಗೆ ಮಾರಾಟ ತೆರಿಗೆ ಇಲ್ಲ, ಅಷ್ಟು ಉಳಿಯಿತು. ಆದರೆ ಈ ಗೌನುಗಳು ಉದ್ದುದ್ದ ಬರುತ್ತವೆ, ನಮ್ಮ ಮಕ್ಕಳ ಎತ್ತರಕ್ಕೆ ಹೊಂದುವುದೇ ಇಲ್ಲ. ಅಂಚು ಮಡಚಿ ಹೊಲಿಯಬೇಕು, ಒಳಗಿನ ಪದರಗಳನ್ನು ಒಂದೊಂದಾಗಿ. ಅದಕ್ಕೆ 120. ಹೊಲಿಯುವವರು ಅಳತೆ ತೆಗೆಯುವಾಗ ಹೀಲ್ಸ್ ಹಾಕಿಕೊಂಡೇ ನಿಲ್ಲಬೇಕು. ಹಾಗಾಗಿ ಅದಕ್ಕೂ ಮೊದಲೇ ಹೊಸ ಚಪ್ಪಲಿ. ಆಮೇಲೆ ಕೂದಲು, ಉಗುರು, ಮೇಕಪ್, ಪ್ರತಿಯೊಂದಕ್ಕೂ ಮೇಲೊಂದಿಷ್ಟು ಟಿಪ್ಸ್. ಮಗನದ್ದು ಎಷ್ಟು ಸಲೀಸಾಗಿತ್ತು ಗೊತ್ತಾ? ಬಾಡಿಗೆ ಸೂಟು, ಅದರ ಜೊತೆಗೇ ಶರ್ಟು, ಬೂಟು. ಜೊತೆಗೆ ಬರುವ ಹುಡುಗಿಯ ಗೌನಿಗೆ ಹೊಂದುವ ಟೈ. ಪ್ರಾಮ್ ಮುಗಿದ ಮೇಲೆ ಎಲ್ಲ ವಾಪಸ್ ಕೊಟ್ಟು ಬಂದ.

ಈ ಗೌನುಗಳಲ್ಲಿ ಹೆಚ್ಚಿನವು ಹೊಲಿದು ಬರುವುದು ಚೀನಾದಿಂದ. 2025ರ ಏಪ್ರಿಲ್‌ನಲ್ಲಿ ಚೀನಾ ಮಾಲಿನ ಮೇಲಿನ ಸುಂಕ 145%ಕ್ಕೆ ಏರಿತು. ಮೇ ತಿಂಗಳಲ್ಲಿ ಇಳಿಸಿದರು ನಿಜ, ಆದರೆ ಅಷ್ಟರಲ್ಲಿ ಪ್ರಾಮ್ ಸೀಸನ್ ಅರ್ಧ ಕಳೆದಿತ್ತು. ಮೊದಲೇ ಕೊಂಡಿದ್ದರಿಂದ ನಾವು ಬಚಾವಾದೆವು. ಇಲ್ಲಿನ ಎಷ್ಟೋ ಭಾರತೀಯ ಹುಡುಗಿಯರು ಗೌನು ಬಿಟ್ಟು ಲೆಹೆಂಗಾ ಹಾಕುತ್ತಾರೆ. ಊರಿನಿಂದ ಹೊಲಿಸಿ ತರಿಸಿದರೆ ಅಗ್ಗ ಅನ್ನುವುದು ಅದಕ್ಕೊಂದು ಕಾರಣ. 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಇದ್ದ ಸುಂಕ ವಿನಾಯಿತಿಯನ್ನು ಅದೇ ವರ್ಷ ಆಗಸ್ಟ್ ಕೊನೆಗೆ ತೆಗೆದುಹಾಕಿದರು. ನಮ್ಮ ಅಂಚೆ ಇಲಾಖೆಯೂ ಅಮೆರಿಕಕ್ಕೆ ಪಾರ್ಸೆಲ್ ತೆಗೆದುಕೊಳ್ಳುವುದನ್ನು ಅಕ್ಟೋಬರ್‌ವರೆಗೆ ನಿಲ್ಲಿಸಿಬಿಟ್ಟಿತ್ತು. ಹಾಗಾಗಿ ಮುಂದಿನ ಬ್ಯಾಚಿನವರಿಗೆ ಆ ದಾರಿಯೂ ಮೊದಲಿನಷ್ಟು ಅಗ್ಗವಲ್ಲ.

ಮಕ್ಕಳು ಪ್ರಾಮ್‌ಗೆ ಹೋಗಿಬರುವ ಬಸ್ಸಿನ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಅದು ಬೆಂಗಳೂರಿಗೂ ಬರುತ್ತದೆ. ನ್ಯೂಜೆರ್ಸಿಯಲ್ಲಿ 17ನೇ ವಯಸ್ಸಿಗೆ ಸಿಗುವುದು ಪ್ರೊಬೇಷನ್ ಲೈಸೆನ್ಸ್. ಅದು ಇರುವವರು ರಾತ್ರಿ 11 ದಾಟಿದ ಮೇಲೆ ಬೆಳಗಿನ 5ರವರೆಗೆ ಗಾಡಿ ಓಡಿಸುವಂತಿಲ್ಲ. ಪೋಷಕರು ಜೊತೆಗಿಲ್ಲದಿದ್ದರೆ ಒಬ್ಬರಿಗಿಂತ ಹೆಚ್ಚು ಜನರನ್ನು ಕೂರಿಸಿಕೊಳ್ಳುವಂತೆಯೂ ಇಲ್ಲ. ಒಳ್ಳೆಯ ಕಾನೂನು, ಮಕ್ಕಳ ಜೀವ ಉಳಿಸುವಂಥದ್ದು. ಆದರೆ ಶಾಲೆಯವರು ಪ್ರಾಮ್ ಇಟ್ಟದ್ದು ಊರಿಂದ ದೂರದ ಬ್ಯಾಂಕ್ವೆಟ್ ಹಾಲ್‌ನಲ್ಲಿ, ಮುಗಿಯುವುದು ರಾತ್ರಿ 11ಕ್ಕೆ! ಮಕ್ಕಳು ಮನೆ ಸೇರುವುದು ಹೇಗೆ? ಅದಕ್ಕೇ ಪಾರ್ಟಿ ಬಸ್ಸು. ಒಳಗೆ ಬಣ್ಣದ ಲೈಟು, ದೊಡ್ಡ ಸ್ಪೀಕರು. ತಲೆಗೆ 75 ಡಾಲರ್. ಶಾಲೆಯವರು ತಮ್ಮದೇ ಜಿಮ್‌ನಲ್ಲಿ ಮಾಡಿ 9 ಗಂಟೆಗೆ ಮುಗಿಸಿದ್ದರೆ ಈ ಖರ್ಚಿಗೆ ಜಾಗವೇ ಇರುತ್ತಿರಲಿಲ್ಲ. ಹಾಲ್ ಯಾವುದು, ಸಮಯ ಎಷ್ಟು ಅಂತ ತೀರ್ಮಾನಿಸುವವರು ಅವರು, ಬಿಲ್ಲು ಬರುವುದು ನಮ್ಮ ಮನೆಗೆ.

ಪ್ರಾಮ್ ಮುಗಿದ ಮೇಲೆ ಇನ್ನೊಂದಿದೆ. ನ್ಯೂಜೆರ್ಸಿಯ ಮಕ್ಕಳಿಗೆ ಆ ವಾರಾಂತ್ಯ ಸಮುದ್ರದ ಕಡೆ, ಸೀಸೈಡ್ ಹೈಟ್ಸ್‌ನಂಥ ಊರಿಗೆ ಹೋಗಿ ಮನೆ ಬಾಡಿಗೆಗೆ ಹಿಡಿಯುವ ಚಟ. ಮಗಳ ಪಾಲು 300 ಡಾಲರ್ ಅಂದಳು. ಸಾಧ್ಯವೇ ಇಲ್ಲ ಅಂದೆ. ದುಡ್ಡಿಗಿಂತ ಜಾಸ್ತಿ ಭಯಕ್ಕೆ. ಮಾತು ಬಿಟ್ಟಳು. ಬಿಸಿಬೇಳೆ ಬಾತ್ ಮಾಡಿದ ದಿನ ಮತ್ತೆ ಮಾತು ಶುರು ಮಾಡಿದಳು.

ಅದನ್ನು ಬಿಟ್ಟೂ ಎಲ್ಲ ಕೂಡಿಸಿದರೆ ಸಾವಿರ ಡಾಲರ್ ಹತ್ತಿರ. ಊರಿನ ಲೆಕ್ಕದಲ್ಲಿ ಆಗ ಸುಮಾರು 85 ಸಾವಿರ ರೂಪಾಯಿ. ಇದು ನಮ್ಮ ಮನೆಯೊಂದರ ಕಥೆಯಲ್ಲ. ಕಾರ್ಡ್ ಕಂಪನಿ ವೀಸಾ ಕೆಲವು ವರ್ಷ ಇದರ ಸಮೀಕ್ಷೆ ಮಾಡಿಸಿತ್ತು. 2011ರಲ್ಲಿ ಒಂದು ಕುಟುಂಬದ ಸರಾಸರಿ ಪ್ರಾಮ್ ಖರ್ಚು 807 ಡಾಲರ್, 2013ಕ್ಕೆ 1,139. 2015ರಲ್ಲಿ 919ಕ್ಕೆ ಇಳಿಯಿತು. ಆದರೆ ಅದರಲ್ಲಿ 324 ಡಾಲರ್ ಬರೀ ‘ನನ್ನ ಜೊತೆ ಪ್ರಾಮ್‌ಗೆ ಬರ್ತೀಯಾ’ ಅಂತ ಕೇಳುವುದಕ್ಕೆ! ಬ್ಯಾನರು, ಬಲೂನು, ಹೂವು, ವಿಡಿಯೋ. ಇದಕ್ಕೆ ಪ್ರಾಮ್‌ಪೋಸಲ್ ಅಂತ ಹೆಸರು ಬೇರೆ.

ಅದೇ ಸಮೀಕ್ಷೆಯ ಇನ್ನೊಂದು ಲೆಕ್ಕ ನನ್ನ ತಲೆಯಿಂದ ಹೋಗಿಲ್ಲ. ವರ್ಷಕ್ಕೆ 25 ಸಾವಿರ ಡಾಲರಿಗಿಂತ ಕಡಿಮೆ ಆದಾಯದವರು ಹೇಳಿದ ಖರ್ಚು 1,393. 50 ಸಾವಿರಕ್ಕಿಂತ ಜಾಸ್ತಿ ಇರುವವರು ಹೇಳಿದ್ದು 799. ಇಲ್ಲದವರೇ ಜಾಸ್ತಿ ಸುರಿಯುತ್ತಿದ್ದಾರೆ. ಓದಿದವರು ಇದಕ್ಕೆ ಏನು ಕಾರಣ ಕೊಡುತ್ತಾರೋ ಕೊಡಲಿ. ನನಗೆ ಅದರಲ್ಲಿ ಆಶ್ಚರ್ಯ ಕಾಣಲಿಲ್ಲ. ದುಡ್ಡಿರುವ ಮನೆಯ ಹುಡುಗಿ ಹಳೇ ಗೌನು ಹಾಕಿಕೊಂಡು ಬಂದರೆ ಅದು ಅವಳ ಸ್ಟೈಲು. ನಮ್ಮ ಮಕ್ಕಳು ಹಾಕಿದರೆ ‘ಪಾಪ’ ಅನ್ನುತ್ತಾರೆ. ಆ ‘ಪಾಪ’ ಕೇಳಬಾರದು ಅಂತ ಅಪ್ಪ ಅಮ್ಮ ಕಾರ್ಡ್ ಉಜ್ಜುತ್ತಾರೆ. ನಮ್ಮೂರಲ್ಲಿ ಮದುವೆಗೆ ಸಾಲ ಮಾಡುವವರನ್ನು ಕಂಡು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಹಾಗಂತ ಪ್ರಾಮ್ ಬೇಡವೇ ಬೇಡ ಅಂತ ಹೇಳಲಾರೆ. ಆ ಸಂಜೆ ಒಬ್ಬರ ಮನೆಯ ಹಿತ್ತಲಲ್ಲಿ ಮಕ್ಕಳೆಲ್ಲ ಫೋಟೋಗೆ ನಿಂತಾಗ ನಾನೂ ಎಲ್ಲರಂತೆ ಫೋನ್ ಹಿಡಿದುಕೊಂಡು ಓಡಾಡಿದೆ. ಮಗಳು ಕೈಗೆ ಕಟ್ಟಿಕೊಂಡಿದ್ದ ಹೂವಿನ ಪಟ್ಟಿ ಸರಿಮಾಡಿದೆ. ಚೆಂದ ಕಾಣುತ್ತಿದ್ದಳು. ಖುಷಿ ಆಗಿದ್ದು ಸುಳ್ಳಲ್ಲ.

ಈಗ ಬೆಂಗಳೂರಿನ ಮಾತು. ನನ್ನ ತಂಗಿಯ ಮಗಳ ಶಾಲೆಯಿಂದ ಬಂದ ಸುತ್ತೋಲೆಯನ್ನು ತಂಗಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದಾಳೆ. ಸ್ಥಳ ದೊಡ್ಡ ಹೋಟೆಲು, ಸಮಯ ರಾತ್ರಿ 7ರಿಂದ 11, ‘ಫಾರ್ಮಲ್ ವೇರ್ ಕಡ್ಡಾಯ’. ಇಲ್ಲಿನವರು ವರ್ಷಗಟ್ಟಲೆ ಮಾಡಿಕೊಂಡ ಫಜೀತಿಯನ್ನು ಮೊದಲ ವರ್ಷವೇ ಹೊತ್ತು ತರುತ್ತಿದ್ದಾರೆ ಅನ್ನಿಸಿತು. ಆ ಹೊತ್ತಿಗೆ ಬೆಂಗಳೂರಿನಲ್ಲಿ ಹದಿನೇಳರ ಹುಡುಗಿಯನ್ನು ಕ್ಯಾಬ್‌ನಲ್ಲಿ ಒಬ್ಬಳೇ ಕಳಿಸುವವರು ಯಾರು? ಅಲ್ಲೂ ಅಪ್ಪಂದಿರು ಕಾರಿನಲ್ಲಿ ಕಾಯಬೇಕು, ಇಲ್ಲ ಎಲ್ಲ ಸೇರಿ ಟೆಂಪೋ ಟ್ರಾವೆಲರ್ ಮಾಡಬೇಕು.

ಶಾಲೆಗೆ ಸ್ವಂತ ಆಡಿಟೋರಿಯಂ ಇದೆ. ಅಲ್ಲೇ ಮಧ್ಯಾಹ್ನ 3ಕ್ಕೆ ಶುರು ಮಾಡಿ, 7ಕ್ಕೆ ಮುಗಿಸಿ, ಶಾಲೆಯ ಬಸ್ಸಿನಲ್ಲೇ ಮಕ್ಕಳನ್ನು ಮನೆಗೆ ಬಿಡಲಿ. ಸುತ್ತೋಲೆಯಿಂದ ‘ಕಡ್ಡಾಯ’ ತೆಗೆದು ‘ಮನೆಯಲ್ಲಿರುವ ಒಳ್ಳೆಯ ಬಟ್ಟೆ’ ಅಂತ ಬರೆಯಲಿ. ಕಳೆದ ವರ್ಷದ ಮಕ್ಕಳ ಬಟ್ಟೆ ಕೇಳಿ ಪಡೆದು ಒಂದು ಬೀರು ತುಂಬಿಸಿಡಲಿ, ಬೇಕಾದವರು ತೆಗೆದುಕೊಳ್ಳುತ್ತಾರೆ. ಫ್ಲೋರಿಡಾದಲ್ಲಿ ಒಬ್ಬ ಹೈಸ್ಕೂಲ್ ಹುಡುಗಿ ಹೀಗೆ ಹಳೇ ಗೌನು ಕೂಡಿಹಾಕಿ ಹಂಚಲು ಶುರು ಮಾಡಿದ್ದು ಅವಳ ಹೆಸರಿನಲ್ಲಿ ‘ಬೆಕ್ಕಾಸ್ ಕ್ಲಾಸೆಟ್’ ಅನ್ನುವ ಸಂಸ್ಥೆಯಾಗಿ ಇಂದಿಗೂ ನಡೆಯುತ್ತಿದೆ. ಷಿಕಾಗೋದಲ್ಲೂ ‘ಗ್ಲಾಸ್ ಸ್ಲಿಪ್ಪರ್ ಪ್ರಾಜೆಕ್ಟ್’ ಅಂತ ಇಂಥದ್ದೇ ಒಂದಿದೆ. ಪ್ರಾಮ್ ಬೆಂಗಳೂರಿಗೆ ಬರುತ್ತದೆ ಅಂದರೆ ಇದೂ ಬರಲಿ.

ಸುತ್ತೋಲೆಯ ಕೆಳಗೆ ಸಣ್ಣ ಅಕ್ಷರದಲ್ಲಿ ‘ಬೆಸ್ಟ್ ಡ್ರೆಸ್ಡ್’ ಬಹುಮಾನದ ಬಗ್ಗೆಯೂ ಬರೆದಿದ್ದಾರೆ. ಬೇರೇನು ಬಿಡಲಾಗದಿದ್ದರೂ ಅದೊಂದನ್ನಾದರೂ ಕೈಬಿಡಿ ಅಂತ ಆ ಶಾಲೆಯವರಿಗೆ ನನ್ನ ವಿನಂತಿ. ಬಟ್ಟೆ ಅಂಗಡಿಯವರ ಹೊರತು ಅದರಿಂದ ಯಾರಿಗೂ ಲಾಭವಿಲ್ಲ.

ಇಬ್ಬರು ಮಕ್ಕಳ ತಾಯಿ
ಎಡಿಸನ್, ನ್ಯೂಜೆರ್ಸಿ
(ಹೆಸರು ಹಾಕಬೇಡಿ, ಮಗಳು ಬೈಯುತ್ತಾಳೆ.)