ಎಡಗಡೆ ನೀನು ನಿಂತಿದ್ದೆಯಂತೆ

ತಿಪಟೂರು
ಭಾನುವಾರ

ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

"ಉಭಯ ಕುಶಲೋಪರಿ ಸಾಂಪ್ರತ" ಎಂದು ಶುರು ಮಾಡಿ ಎರಡು ಸಾಲು ಬರೆದೆ, ಹರಿದು ಹಾಕಿದೆ. ಕುಶಲ ಎಂದು ಬರೆದುಬಿಟ್ಟರೆ ಮುಂದಿನದನ್ನು ಬರೆಯಲು ಬರುವುದಿಲ್ಲ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಅಳುತ್ತೀಯೆ, ನಾನು "ಏನೂ ಇಲ್ಲ ಬಿಡು" ಎಂದು ಸುಳ್ಳು ಹೇಳಿ ಅಮ್ಮನ ಕೈಗೆ ಕೊಟ್ಟುಬಿಡುತ್ತೇನೆ. ಅದಕ್ಕೇ ಕಾಗದ. ಪಕ್ಕದ ಜೆರಾಕ್ಸ್ ಅಂಗಡಿಯ ಹುಡುಗ ಇದರ ಫೋಟೊ ತೆಗೆದು ನಿನಗೆ ಕಳಿಸುತ್ತಾನೆ. ಓದಬೇಡ ಎಂದು ಹೇಳುತ್ತೇನೆ, ಓದಿಯೇ ಓದುತ್ತಾನೆ.

ನನ್ನ ಗಡಿಯಾರ ರಿಪೇರಿ ಅಂಗಡಿ ಮುಚ್ಚುವ ವಿಷಯಕ್ಕೆ ಆ ರಾತ್ರಿ ನಿನ್ನ ಮನೆಯಲ್ಲಿ ನಡೆದದ್ದು, ಮರುದಿನ ಪ್ರಾಗಿನ ಓಲ್ಡ್ ಟೌನ್ ಚೌಕದಲ್ಲಿ ಅಷ್ಟು ಜನರ ಮುಂದೆ ನೀನು ಅಂದದ್ದು, ನಾನು ಅಂದದ್ದು, ವಿಮಾನ ನಿಲ್ದಾಣದವರೆಗೂ ಇಬ್ಬರೂ ಬಾಯಿ ಬಿಡದೆ ಕುಳಿತದ್ದು, ಇದನ್ನೆಲ್ಲ ಮತ್ತೆ ಬರೆಯುವುದಿಲ್ಲ. ನಿನಗೆ ಗೊತ್ತಿಲ್ಲದಿರುವುದು ಹತ್ತರಿಂದ ಒಂದರವರೆಗಿನ ಆ ಮೂರು ಗಂಟೆ. ಹನ್ನೊಂದಕ್ಕೆ ಅದೇ ಚೌಕದ ಯಾನ್ ಹುಸ್ ಪ್ರತಿಮೆಯ ಹತ್ತಿರ ಬಾ ಎಂದು ನೀನು ಹೇಳಿದ್ದೆ. ನಾನು ಬರಲಿಲ್ಲ. ಪುರಭವನದ ಗೋಡೆಯ ಆ ಖಗೋಳ ಗಡಿಯಾರದ ಕೆಳಗೇ ನಿಂತಿದ್ದೆ.

ನೀನು ವಿಮಾನ ನಿಲ್ದಾಣದಲ್ಲಿ ಮಾತಿಲ್ಲದೆ ಕೈಗೆ ತುರುಕಿದ, ಆ ಗಡಿಯಾರದ ಮೇಲಿನ ಪುಸ್ತಕವನ್ನು ಡಿಕ್ಷನರಿ ಇಟ್ಟುಕೊಂಡು ಓದುತ್ತಿದ್ದೇನೆ. ಒಳಗೆ ರಸೀದಿ ಇತ್ತು. ಜಗಳಕ್ಕೆ ಮೂರು ದಿನ ಮುಂಚಿನ ತಾರೀಖು.

ಅದು ಎಂಥ ಗಡಿಯಾರ ಪುಟ್ಟಿ! 1410ರದ್ದು. ಗಂಟೆಯಾದಾಗ ಮೇಲಿನ ಎರಡು ಕಿಟಕಿ ತೆರೆದು ಹನ್ನೆರಡು ಸಂತರು ಮೆರವಣಿಗೆ ಹೋಗುತ್ತಾರೆ. ಅಸ್ಥಿಪಂಜರ ಹಗ್ಗ ಜಗ್ಗಿ ಗಂಟೆ ಹೊಡೆಯುತ್ತದೆ. ಕನ್ನಡಿ ಹಿಡಿದವನು, ಹಣದ ಚೀಲದವನು "ನಾನೊಲ್ಲೆ, ನಾನೊಲ್ಲೆ" ಎಂದು ತಲೆಯಾಡಿಸುತ್ತಾರೆ. ಕೊನೆಗೆ ಚಿನ್ನದ ಹುಂಜ ಕೂಗುತ್ತದೆ. ಜನ ಮೊಬೈಲ್ ಎತ್ತಿ ಹಿಡಿದು ಅಷ್ಟನ್ನು ನೋಡಿ "ಇಷ್ಟೇನಾ" ಎಂದು ಹೊರಟುಬಿಡುತ್ತಾರೆ. ದೇವಸ್ಥಾನಕ್ಕೆ ಹೋಗಿ ಚಪ್ಪಲಿ ಬಿಡುವ ಜಾಗವನ್ನು ನೋಡಿಕೊಂಡು ಬಂದ ಹಾಗೆ. ಬೊಂಬೆಗಳು ಆಮೇಲೆ ಸೇರಿಸಿದ ಅಲಂಕಾರ. ಗಡಿಯಾರವೆಂದರೆ ಕೆಳಗಿರುವ ಆ ಫಲಕ.

ನಡುವೆ ಭೂಮಿ. ಸುತ್ತ ಹಗಲಿಗೆ ನೀಲಿ, ಸಂಜೆಗೆ ಕಂದು, ರಾತ್ರಿಗೆ ಕಪ್ಪು. ಹನ್ನೆರಡು ರಾಶಿಗಳ ಉಂಗುರ. ಸೂರ್ಯ ತನ್ನ ಮುಳ್ಳಿನ ಮೇಲೆ ಋತುವಿಗೆ ತಕ್ಕಂತೆ ಮೇಲೆ ಕೆಳಗೆ ಜಾರುತ್ತಾನೆ. ಚಂದ್ರನದು ಅರ್ಧ ಕಪ್ಪು, ಅರ್ಧ ಬೆಳ್ಳಿಯ ಗುಂಡು. ತಾನೇ ಹೊರಳುತ್ತಾ ಹುಣ್ಣಿಮೆ ಅಮಾವಾಸ್ಯೆ ತೋರಿಸುತ್ತದೆ. ಇದೆಲ್ಲದರ ಹಿಂದೆ ಒಂದೇ ಅಳತೆಯ ಮೂರು ದೊಡ್ಡ ಚಕ್ರಗಳು. ರಾಶಿಯ ಚಕ್ರಕ್ಕೆ 365 ಹಲ್ಲು, ಸೂರ್ಯನದಕ್ಕೆ 366, ಚಂದ್ರನದಕ್ಕೆ 379. ನಾನು ರಾತ್ರಿ ಕುಳಿತು ಲೆಕ್ಕ ಹಾಕಿದೆ. ಒಂದು ಹಲ್ಲು ಕಡಿಮೆಯಾದದ್ದರಿಂದ ನಕ್ಷತ್ರಗಳು ದಿನಕ್ಕೆ ಸುಮಾರು 4 ನಿಮಿಷ ಮುಂದೆ ಓಡುತ್ತವೆ, ಹದಿಮೂರು ಹಲ್ಲು ಹೆಚ್ಚಾದದ್ದರಿಂದ ಚಂದ್ರ ದಿನಕ್ಕೆ ಸುಮಾರು 51 ನಿಮಿಷ ಹಿಂದೆ ಬೀಳುತ್ತಾನೆ. ಆಕಾಶದಲ್ಲಿ ಆಗುವುದೂ ಅದೇ. ಆರುನೂರು ವರ್ಷದ ಹಿಂದೆ ಅರದಿಂದ ಉಜ್ಜಿ ಉಜ್ಜಿ ಹಲ್ಲು ತೆಗೆದ ಕೈಗೆ ನಾನು ಇಲ್ಲಿಂದಲೇ ನಮಸ್ಕಾರ ಮಾಡಿದೆ. ಅಮ್ಮ "ಯಾರಿಗೆ?" ಎಂದಳು.

ಎಲ್ಲಕ್ಕಿಂತ ಹೊರಗೆ ಕಪ್ಪು ಬಣ್ಣದ ಒಂದು ಬಳೆ ಇದೆ, ಚಿನ್ನದ ಅಂಕಿಗಳದ್ದು. ಅದರಲ್ಲಿ 24 ಎಂದರೆ ಸೂರ್ಯಾಸ್ತ. ಅವರ ಹಿರಿಯರು ದಿನವನ್ನು ಸೂರ್ಯ ಮುಳುಗಿದಾಗಿನಿಂದ ಎಣಿಸುತ್ತಿದ್ದರಂತೆ. ನಮ್ಮವರು ಸೂರ್ಯೋದಯಾದಿ ಇಷ್ಟು ಘಳಿಗೆ ಎಂದರೆ ಇವರು ಅದರ ತಿರುವುಮುರುವು. ಹಗಲು ಎಷ್ಟು ಉದ್ದವಿದ್ದರೂ ಅದನ್ನೇ ಹನ್ನೆರಡು ಪಾಲು ಮಾಡುವ ಗೆರೆಗಳೂ ಆ ಫಲಕದಲ್ಲಿವೆ. ಹಗಲನ್ನು ಎಂಟು ಪಾಲು ಮಾಡಿ ರಾಹುಕಾಲ ತೆಗೆಯುವ ನಮ್ಮ ಜೋಯಿಸರಿಗೆ ತೋರಿಸಿದರೆ ಕ್ಷಣದಲ್ಲಿ ಓದುತ್ತಾರೆ. ಆದರೆ ನನ್ನ ಕಣ್ಣು ಆ ಕಪ್ಪು ಬಳೆಯಿಂದ ಕೀಳಲಿಲ್ಲ. ಅದರಲ್ಲಿ ಕಾಣುವ ಅಂಕಿಯನ್ನು ಇಪ್ಪತ್ತನಾಲ್ಕರಲ್ಲಿ ಕಳೆದರೆ ಇನ್ನೆಷ್ಟು ಹೊತ್ತು ಬೆಳಕಿದೆ ಎಂಬ ಲೆಕ್ಕ ಸಿಗುತ್ತದೆ. ದೂರ ಹೋಗುವವನಿಗೆ, ಕುಸುರಿ ಕೆಲಸದವನಿಗೆ ಬೇಕಾದದ್ದು ಆ ಲೆಕ್ಕವೇ. ನಲವತ್ತೊಂದು ವರ್ಷದಲ್ಲಿ ಅಂಥದ್ದನ್ನು ನಾನು ರಿಪೇರಿ ಮಾಡಿರಲಿಲ್ಲ.

ಇನ್ನು ಆ ಕಥೆ. ಪ್ರತಿ ಗಂಟೆಗೂ ಕೊಡೆ ಎತ್ತಿ ಹಿಡಿದ ಒಬ್ಬ ಗೈಡ್ ಬಂದು ಅದನ್ನೇ ಹೇಳುತ್ತಿದ್ದ. ನಾಲ್ಕು ಬಾರಿ ಕೇಳಿದೆ, ನಾಲ್ಕನೆಯ ಬಾರಿಗೆ ಅವನ ಇಂಗ್ಲಿಷ್ ಪೂರ್ತಿ ಅರ್ಥವಾಯಿತು. ಹನುಶ್ ಎಂಬ ಕುಶಲಕರ್ಮಿ ಈ ಗಡಿಯಾರ ಕಟ್ಟಿದನಂತೆ. ಬೇರೆ ಊರಿಗೆ ಇಂಥದ್ದೇ ಇನ್ನೊಂದನ್ನು ಮಾಡಿಕೊಟ್ಟಾನೆಂದು ನಗರದ ಹಿರಿಯರು ಕಾದ ಕಬ್ಬಿಣದಿಂದ ಅವನ ಕಣ್ಣು ಸುಡಿಸಿದರಂತೆ. ಅವನು ತಡಕಾಡಿಕೊಂಡು ಬಂದು ಯಂತ್ರದೊಳಗೆ ಕೈಯಿಟ್ಟು ಗಡಿಯಾರ ನಿಲ್ಲಿಸಿಬಿಟ್ಟನಂತೆ. ಕೇಳಿದವರೆಲ್ಲ ನಕ್ಕರು, ಚಪ್ಪಾಳೆ ತಟ್ಟಿದರು. ನನಗೆ ಕಾಲು ನಡುಗಿತು.

ಕಥೆ ಸುಳ್ಳು. 1410ರ ಒಂದು ದಾಖಲೆ ಸಿಕ್ಕ ಮೇಲೆ ತಿಳಿದದ್ದೇನೆಂದರೆ, ಕಟ್ಟಿದವನು ಕಾದಾನ್ ಊರಿನ ಮಿಕುಲಾಶ್, ಲೆಕ್ಕ ಹಾಕಿಕೊಟ್ಟವನು ಯಾನ್ ಶಿಂಡೆಲ್ ಎಂಬ ಖಗೋಳ ಪಂಡಿತ. ಹನುಶ್ ಬಂದದ್ದು ಎಂಬತ್ತು ವರ್ಷ ಕಳೆದ ಮೇಲೆ, ಅವನು ರಿಪೇರಿಯವನು. ಯೋಚನೆ ಮಾಡು, ಲೋಕದಲ್ಲಿ ಒಬ್ಬ ರಿಪೇರಿಯವನಿಗೆ ಕಟ್ಟಿದವನ ಹೆಸರು ಬಂದದ್ದು ಅದೊಂದೇ ಸಲ ಇರಬೇಕು. ಅದಕ್ಕೂ ಬೆಲೆ ಕಣ್ಣು.

ಹೇಳಬೇಕಾದದ್ದರ ಸುತ್ತಲೇ ಗಾಣದೆತ್ತಿನ ಹಾಗೆ ಸುತ್ತುತ್ತಿದ್ದೇನೆ. ಹೇಳಿಬಿಡುತ್ತೇನೆ. ನನಗೆ ಗ್ಲಾಕೋಮಾ ಇದೆ, ಕಣ್ಣಿನ ನರ ಮೆಲ್ಲಗೆ ಹಾಳಾಗುವ ರೋಗ. ಹೋದ ಜನವರಿಯಲ್ಲೇ ಗೊತ್ತಾಗಿತ್ತು.

ಕನ್ನಡಕದ ನಂಬರ್ ಬದಲಿಸಲು ತುಮಕೂರಿಗೆ ಹೋಗಿದ್ದೆ. ಕಣ್ಣಿನ ಒತ್ತಡ ನೋಡಿ ಡಾಕ್ಟರು ಸುಮ್ಮನಾದರು. ಬಲಗಣ್ಣು 28, ಎಡಗಣ್ಣು 34. ಆಮೇಲೆ ಒಂದು ಯಂತ್ರದ ಮುಂದೆ ಕೂರಿಸಿದರು. ನಡುವಿನ ದೀಪವನ್ನೇ ನೋಡುತ್ತಿರಬೇಕು, ಅಕ್ಕಪಕ್ಕ ಚುಕ್ಕೆ ಬೆಳಗಿದಾಗ ಗುಂಡಿ ಒತ್ತಬೇಕು. ನಾನು ಕಾಯುತ್ತಾ ಕುಳಿತೆ. ಚುಕ್ಕೆಯೇ ಬರಲಿಲ್ಲ. "ಎಡಗಡೆಯ ದೀಪಗಳು ಕೆಟ್ಟಿವೆ, ಬಿಚ್ಚಿ ಕೊಡಿ, ನಾನು ನೋಡುತ್ತೇನೆ" ಎಂದೆ. ಆ ಹುಡುಗಿ ನಗಲಿಲ್ಲ.

ನೆಟ್ಟಗೆ ನೋಡಿದ್ದು ಇವತ್ತಿಗೂ ಸ್ಪಷ್ಟ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡರೆ ಎಚ್‌ಎಂಟಿ ಜನತಾದ ಕೂದಲಿನಂಥ ಸ್ಪ್ರಿಂಗನ್ನು ಈಗಲೂ ಚಿಮಟದಲ್ಲಿ ಎತ್ತುತ್ತೇನೆ. ಹೋಗಿರುವುದು ಅಂಚು. ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದಿಲ್ಲ. ಮುಂಬಾಗಿಲಲ್ಲಿ ದೀಪ ಉರಿಯುತ್ತಿರುವಾಗಲೇ ಹಿತ್ತಲಿನಿಂದ ಪಾತ್ರೆ ಪಗಡೆ ಒಂದೊಂದಾಗಿ ಹೋದ ಹಾಗೆ. ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು ಎಂದರು. ರಾತ್ರಿ ಒಂಬತ್ತಕ್ಕೆ ಒಂದೊಂದು ಹನಿ. ನಿನ್ನ ಮನೆಯ ಬಚ್ಚಲಲ್ಲಿ ನೀನು ನೋಡಿದ ಸೀಸೆ ಅದೇ. ಧೂಳಿನ ಅಲರ್ಜಿ ಎಂದಿದ್ದೆ. ನಿನ್ನ ಊರಿನಲ್ಲಿ ಎಲ್ಲಿದೆಯಮ್ಮ ಧೂಳು.

ಈಗ ಹಿಂತಿರುಗಿ ನೋಡು. ಕೋಟೆಗೆಂದು 22ನೇ ನಂಬರ್ ಟ್ರಾಮ್ ಹತ್ತುವಾಗ ಪಕ್ಕದಿಂದ ಬಂದ ಸೈಕಲ್ಲಿಗೆ ನಾನು ಸಿಗುವುದರಲ್ಲಿದ್ದೆ, ನೀನು ರಟ್ಟೆ ಹಿಡಿದು ಎಳೆದು ಬೈದೆ. ಚಾರ್ಲ್ಸ್ ಸೇತುವೆಯ ಮೇಲೆ ಚಿತ್ರ ಮಾರುವವಳ ಮೇಜಿಗೆ ಡಿಕ್ಕಿ ಹೊಡೆದೆ. ಆ ಸೇತುವೆಗೆ ಬುನಾದಿ ಹಾಕಿದ್ದು 1357ರ 7ನೇ ತಿಂಗಳ 9ನೇ ತಾರೀಖು ಬೆಳಗಿನ 5 ಗಂಟೆ 31 ನಿಮಿಷಕ್ಕಂತೆ, 1357 ಆದ ಮೇಲೆ 9, ಆಮೇಲೆ 7531, ಹಿಂದಿನಿಂದ ಓದಿದರೂ ಅದೇ ಎಂದು ನೀನು ಖುಷಿಯಿಂದ ಹೇಳುತ್ತಿದ್ದೆ. ನಾನು ಮುಹೂರ್ತದ ಬಗ್ಗೆ ತಮಾಷೆ ಮಾಡಿ ಮೇಜಿನ ವಿಷಯ ಮರೆಸಿದೆ. ಮೂವತ್ತು ಪ್ರತಿಮೆಗಳಲ್ಲಿ ನಾನು ನೋಡಿದ್ದು ಅರ್ಧವೇ. ನೀನು ಬಲಕ್ಕೆ ನಡೆಸಿಕೊಂಡು ಹೋದೆ, ಎಡಕ್ಕೆ ಕತ್ತು ತಿರುಗಿಸುವುದು ಮರೆತೆ. ಸಂತ ವೀಟಸ್ ಚರ್ಚಿನೊಳಗೆ ಕಂಬ ಹಿಡಿದು ನಿಂತದ್ದು ಭಕ್ತಿಯಿಂದಲ್ಲ, ಬಿಸಿಲಿನಿಂದ ಒಳಗೆ ಬಂದು ದಾರಿ ಕಾಣದೆ. 1344ರಲ್ಲಿ ಶುರುವಾಗಿ 1929ರಲ್ಲಿ ಮುಗಿದ ಕಟ್ಟಡ ಎಂದು ನೀನು ಅಂದಾಗ "ನಮ್ಮ ಬೈಪಾಸ್ ರಸ್ತೆಯೇ ವಾಸಿ" ಎಂದೆ. ನೀನು ನಕ್ಕೆ. ನಗಿಸಿದರೆ ಕೇಳುವುದಿಲ್ಲ ಎಂಬುದು ನನ್ನ ಹಳೆಯ ಉಪಾಯ. ಯಹೂದಿ ಪುರಭವನದ ಮೇಲೆ ಹಿಂದಕ್ಕೆ ಓಡುವ ಹೀಬ್ರೂ ಗಡಿಯಾರ ತೋರಿಸಿದೆಯಲ್ಲ, ಅದೊಂದನ್ನು ಮಾತ್ರ ಯಾವ ನಟನೆಯೂ ಇಲ್ಲದೆ ನೋಡಿದೆ.

ಕೊನೆಯ ದಿನ ಹನ್ನೊಂದಕ್ಕೆ ಹುಸ್ ಪ್ರತಿಮೆಯ ಕಡೆಗೆ ಹೊರಟಿದ್ದೆ ಪುಟ್ಟಿ. ಹುಂಜ ಕೂಗಿದ ಕೂಡಲೇ ನೂರಾರು ಜನ ಒಟ್ಟಿಗೆ ಹೊರಳಿದರು. ಎಡಗಡೆಯಿಂದ ಯಾರೋ ತಾಗಿದರು, ಮತ್ತೆ ಯಾರೋ. ಬರುವುದು ಕಾಣುವುದಿಲ್ಲ, ತಾಗಿದ ಮೇಲೆ ಗೊತ್ತಾಗುತ್ತದೆ. ಸಂತೆಯಲ್ಲಿ ಕೈ ಬಿಟ್ಟುಹೋದ ಮಗುವಿನ ಹಾಗೆ ಹೆದರಿದೆ. ಅರವತ್ತಮೂರು ವರ್ಷದ ಗಂಡಸು ಹೀಗೆ ಬರೆಯಬೇಕಾಗಿ ಬಂತಲ್ಲ. ಮೊಬೈಲು ನಿನ್ನ ಚೀಲದಲ್ಲಿತ್ತು. ಹಿಂದಕ್ಕೆ ಬಂದು ನಿಂತ ಜಾಗದಲ್ಲೇ ನಿಂತೆ. ನೆಟ್ಟಗೆ ಮೇಲೆ ನೋಡಿದರೆ ಗಡಿಯಾರ, ಅದು ಪೂರ್ತಿ ಕಾಣುತ್ತಿತ್ತು. ಅಷ್ಟೇ ಸಾಕೆನಿಸಿತು.

ಹನ್ನೆರಡಕ್ಕೆ ನೀನು ಬಂದು ಎಡಗಡೆ ಹತ್ತು ಅಡಿ ದೂರದಲ್ಲಿ ನಿಂತು ಕೈ ಬೀಸಿದೆಯಂತೆ. ನಾನು ನೋಡಿಯೂ ನೋಡದವನ ಹಾಗೆ ನಿಂತಿದ್ದೆನಂತೆ. ರಾತ್ರಿಯ ಜಗಳಕ್ಕೆ ಹಟ ಸಾಧಿಸುತ್ತಿದ್ದೇನೆ ಎಂದುಕೊಂಡೆ. ನಿನ್ನ ತಪ್ಪಿಲ್ಲ, ಹಾಗೆ ಹಟ ಸಾಧಿಸಿದ್ದೂ ಉಂಟು, ಅಮ್ಮನನ್ನು ಕೇಳು. ಆದರೆ ಆ ದಿನ ನಾನು ನೋಡಲಿಲ್ಲ. ದೇವರಾಣೆ ನೋಡಲಿಲ್ಲ. ರಾತ್ರಿ ಮಲಗಿದರೆ ನೀನು ಕೈ ಬೀಸುತ್ತಿರುವುದೇ ಕಾಣುತ್ತದೆ, ನಾನು ಕಾಣದೇ ಇದ್ದ ದೃಶ್ಯ. ಯಾವ ಕೈ ಬೀಸಿದೆ? ಆ ಹಳದಿ ಕೋಟು ಹಾಕಿದ್ದೆಯಾ? ಎಷ್ಟು ಹೊತ್ತು ಬೀಸಿದೆ? ಜನ ನಿನ್ನನ್ನೇ ನೋಡುತ್ತಿದ್ದರೇ? ಇದನ್ನೆಲ್ಲ ಕೇಳಬಾರದು, ಕೇಳುತ್ತಿದ್ದೇನೆ.

ಮೊದಲೇ ಹೇಳಬಹುದಿತ್ತಲ್ಲ ಎನ್ನುತ್ತೀಯೆ. ಹೇಳಿದ್ದರೆ ನೀನು ಆಸ್ಪತ್ರೆ ತೋರಿಸುತ್ತಿದ್ದೆ, ಊರು ತೋರಿಸುತ್ತಿರಲಿಲ್ಲ. ಟ್ರಾಮಿನಲ್ಲಿ ಟಿಕೆಟ್ ನೋಡುವವನು ಬಂದಾಗ ನೀನು ಅವನ ಭಾಷೆಯಲ್ಲೇ ಮಾತಾಡಿ ನಗಿಸಿದೆ. ಅದನ್ನು ಕೊಬ್ಬರಿ ಮಂಡಿಯಲ್ಲಿ ಎಲ್ಲರಿಗೂ ಹೇಳಿ ಮುಗಿಸಿದ್ದೇನೆ. ರೋಗಿಯಾಗಿ ಬಂದಿದ್ದರೆ ಅದು ಸಿಗುತ್ತಿತ್ತೇ? ಆದರೂ ತಪ್ಪು ತಪ್ಪೇ. ಒಂದು ಗಂಟೆ ನಿನ್ನನ್ನು ಬೀದಿ ಬೀದಿ ಹುಡುಕಿಸಿದೆ. ಕ್ಷಮಿಸು.

ಈಗ ಮುಖ್ಯ ವಿಷಯ, ಬೇಸರ ಪಡದೆ ಓದು. ಇದು ರಕ್ತ ಸಂಬಂಧದಲ್ಲಿ ಇಳಿದು ಬರುವುದುಂಟು. ಮಕ್ಕಳು, ಒಡಹುಟ್ಟಿದವರು ಎಲ್ಲರೂ ಪರೀಕ್ಷೆ ಮಾಡಿಸಲೇಬೇಕು ಎಂದು ಡಾಕ್ಟರು ಹೋದ ವಾರ ಮತ್ತೆ ಗದರಿದರು. ನಿನಗೆ ಹತ್ತನೇ ವಯಸ್ಸಿನಿಂದ ಮೈನಸ್ ಕನ್ನಡಕ, ಅಂಥವರಿಗೆ ಅಪಾಯ ಇನ್ನೂ ಹೆಚ್ಚಂತೆ. ಚೆನ್ನಾಗಿ ಕಾಣುತ್ತಿದೆಯಲ್ಲ ಎನ್ನಬೇಡ, ನನಗೂ ಕಾಣುತ್ತಿತ್ತು. ಒತ್ತಡ ಅಳೆದರೆ ಸಾಲದು. ಒತ್ತಡ ಸರಿಯಿದ್ದೂ ನರ ಹಾಳಾಗುವುದುಂಟು. ಹನಿ ಹಾಕಿ ಪಾಪೆ ಹಿಗ್ಗಿಸಿ ಹಿಂದಿನ ನರವನ್ನೂ ನೋಡಿ ಎಂದು ಕೇಳು. ಆ ದಿನ ಕೆಲಸಕ್ಕೆ ರಜೆ ಹಾಕು, ಹಿಗ್ಗಿಸಿದ ಕಣ್ಣಿಗೆ ಬಿಸಿಲು ತಡೆಯದು, ಒಬ್ಬಳೇ ಟ್ರಾಮ್ ಹತ್ತಬೇಡ. ಯಾವುದಕ್ಕೂ ಸ್ಟೀರಾಯ್ಡ್ ಹನಿಯನ್ನು ಅಂಗಡಿಯಿಂದ ನೀನಾಗಿಯೇ ತಂದು ಹಾಕಿಕೊಳ್ಳಬೇಡ. ಕತ್ತಲಲ್ಲಿ ಮೊಬೈಲ್ ನೋಡುವುದನ್ನೂ ಬಿಡು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು, ಆದರೂ ಬಿಡು.

ಅಂಗಡಿ ಮುಚ್ಚುವುದಿಲ್ಲ. ಇದನ್ನು ಜಗಳಕ್ಕಾಗಿ ಬರೆಯುತ್ತಿಲ್ಲ. 1945ರ ಮೇ ತಿಂಗಳಲ್ಲಿ, ಯುದ್ಧ ಮುಗಿಯುವ ಹೊತ್ತಿಗೆ, ಆ ಗಡಿಯಾರಕ್ಕೆ ಬೆಂಕಿ ಬಿತ್ತು, ಬೊಂಬೆಗಳು ಸುಟ್ಟವು. 1948ಕ್ಕೆ ಮತ್ತೆ ನಡೆಯಿತು, ವಿದ್ಯುತ್ ಯಂತ್ರದ ಮೇಲೆ. 2018ರಲ್ಲಿ ಅದನ್ನು ಕಿತ್ತು 1860ರ ದಶಕದ ಹಳೆಯ ಯಂತ್ರವನ್ನೇ ಕೂರಿಸಿದರಂತೆ. ಆ ಪುಟವನ್ನು ಮೂರು ಸಲ ಓದಿದೆ. ನನ್ನ ಹತ್ತಿರ ಬರುವುದು ಹೆಚ್ಚಿನಂಶ ಬ್ಯಾಟರಿ ಬದಲಿಸುವ ಕೆಲಸ, ಆದರೂ ವಾರಕ್ಕೊಂದಾದರೂ ಚಾವಿ ಕೊಡುವ ಗಡಿಯಾರ ಬರುತ್ತದೆ. ಮೇಜನ್ನು ಬಲಗೋಡೆಗೆ ಸರಿಸಿಕೊಂಡಿದ್ದೇನೆ, ಗಿರಾಕಿಗಳು ಈಗ ಎದುರಿನಿಂದಲೇ ಬರುತ್ತಾರೆ. ಸ್ಕೂಟರ್ ಮಾರಿದೆ. ಅಮ್ಮನಿಗೆ ಗುರುವಾರ ಹೇಳಿದೆ. ಅವಳು ಅತ್ತು, ಬೈದು, ಆಮೇಲೆ ಫೋನಿನಲ್ಲಿ ಒಂಬತ್ತಕ್ಕೆ ಅಲಾರಂ ಇಟ್ಟಳು. ಅದು ಮೂರು ನಿಮಿಷ ಮುಂದಿದೆ.

ಹನಿ ಶುರು ಮಾಡಿದ ಮೇಲೆ ನನ್ನದು ಬಲ 17, ಎಡ 19. ಸಾಮಾನ್ಯವಾಗಿ ಇಪ್ಪತ್ತೊಂದರ ಒಳಗಿರಬೇಕು. ನಿನ್ನದು ಎಷ್ಟು ಎಂದು ಈ ತಿಂಗಳೊಳಗೆ ತಿಳಿಸು. ನನ್ನ ಮೇಲೆ ಕೋಪವಿದ್ದರೆ ಬೇರೇನೂ ಬರೆಯಬೇಡ. ಬಲಗಣ್ಣು ಇಷ್ಟು, ಎಡಗಣ್ಣು ಇಷ್ಟು ಎಂದು ಬರೆದು ಕಳಿಸು.

ಇಂತಿ,
ಅಪ್ಪ