ತಮಟೆ ಕಾಯಿಸಿಕೊಟ್ಟ ಹಿರಿಯರಿಗೆ

ಕಳೆದ ಭಾನುವಾರ ಹಾಸನದ ಮಹಾರಾಜ ಪಾರ್ಕ್ ಹತ್ತಿರದ ಗೆಳತಿಯ ಮನೆಯಂಗಳದಲ್ಲಿ, ಸಣ್ಣಪುಟ್ಟ ಉದ್ಯಮ ನಡೆಸುವ ನಾವು ಹದಿನಾಲ್ಕು ಮಹಿಳೆಯರು ಮೊದಲ ಬಾರಿ ತಮಟೆ ಹಿಡಿದಿದ್ದೆವು. ಹಿಂದಿನ ರಾತ್ರಿಯ ಮಳೆಯ ಥಂಡಿಗೆ ಚರ್ಮ ಸಡಿಲಗೊಂಡು, ಎಷ್ಟು ಬಡಿದರೂ ಮಂಕು ಸದ್ದು.

ದಾರಿಯಲ್ಲಿ ಹೋಗುತ್ತಿದ್ದ ತಾವು ಒಳಬಂದು, ಒಣ ತೆಂಗಿನ ಗರಿ ಕೇಳಿ ಬೆಂಕಿ ಹಾಕಿದಿರಿ. ಒಂದೊಂದೇ ತಮಟೆಯನ್ನು ಉರಿಗೆ ಹಿಡಿದು, ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, “ಈಗ ಬಾರಿಸಿ ತಾಯಿ” ಎಂದು ಕೈಗಿತ್ತಿರಿ. ದಪ್ಪ ಕೋಲು, ಸಪೂರ ಕಡ್ಡಿ ಎರಡನ್ನೂ ಹಿಡಿಯುವ ಬಗೆ ತೋರಿಸಿದಿರಿ. ಆ ಮೊದಲ ಏಟು ಇನ್ನೂ ನನ್ನ ಎದೆಯಲ್ಲಿದೆ. ಹದಿನಾಲ್ಕು ಜನ ಒಂದೇ ತಾಳಕ್ಕೆ ಬಂದಾಗ ಕೆಲವರ ಕಣ್ಣು ತುಂಬಿತ್ತು.

ಕಾಫಿ ತರುವಷ್ಟರಲ್ಲಿ ತಾವು ಹೊರಟುಹೋಗಿದ್ದಿರಿ. ಹೆಸರನ್ನೂ ಕೇಳಲಿಲ್ಲ, ಅದೇ ಕೊರಗು. ಅನಂತ ಧನ್ಯವಾದಗಳು. ಈ ಭಾನುವಾರವೂ ಅಲ್ಲೇ ಸೇರುತ್ತೇವೆ. ಸದ್ದು ಕೇಳಿದರೆ ದಯವಿಟ್ಟು ಒಳಗೆ ಬನ್ನಿ.