‘ಎಚ್‌ಎಂ ಹೆಂಗಿದಾರೆ?’ ಎಂಬ ಮೊದಲ ಪ್ರಶ್ನೆ

ಮಾನ್ಯ ಸಂಪಾದಕರೇ,

ಶಿಕ್ಷಕರ ವರ್ಗಾವಣೆ ಕೌನ್ಸೆಲಿಂಗ್ ಹತ್ತಿರ ಬಂತು ಅಂದರೆ ನನ್ನ ಫೋನಿಗೆ ಬಿಡುವಿಲ್ಲ. ತೀರ್ಥಹಳ್ಳಿ, ಹೊಸನಗರ ತಾಲ್ಲೂಕಿನ ಹೈಸ್ಕೂಲುಗಳಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು ನಾನು. ಈ ಕಡೆಯ ಶಾಲೆಗಳೆಲ್ಲ ನನಗೆ ಗೊತ್ತು ಅಂತ ಹೊಸಬರ ನಂಬಿಕೆ. ಬಸ್ ಇದೆಯಾ, ಬಾಡಿಗೆ ಮನೆ ಸಿಗುತ್ತದಾ, ಮಳೆಗಾಲದಲ್ಲಿ ಕರೆಂಟ್ ಕಥೆ ಏನು, ಎಲ್ಲ ಕೇಳುತ್ತಾರೆ. ಆದರೆ ಮೊದಲ ಪ್ರಶ್ನೆ ಯಾವಾಗಲೂ ಮುಖ್ಯ ಶಿಕ್ಷಕರ (ಎಚ್‌ಎಂ) ಬಗ್ಗೆಯೇ: ‘ಮೇಡಂ, ಅಲ್ಲಿ ಎಚ್‌ಎಂ ಹೆಂಗಿದಾರೆ?’

ಪೇಟೆಯಿಂದ ಎಷ್ಟು ದೂರ ಅಂತ ನೋಡಿ ಇಲಾಖೆ ಶಾಲೆಗಳನ್ನು ಎ, ಬಿ, ಸಿ ವಲಯ ಅಂತ ವಿಂಗಡಿಸಿದೆ. ಶಿಕ್ಷಕರು ತಮ್ಮೊಳಗೇ ಇನ್ನೊಂದು ಪಟ್ಟಿ ಇಟ್ಟುಕೊಂಡಿದ್ದಾರೆ. ಆಗುಂಬೆ ಮಳೆಯಲ್ಲಿ ದಿನಾ ನೆನೆದರೂ ಸೈ, ಆ ಶಾಲೆ ಮಾತ್ರ ಬೇಡ ಅನ್ನುವ ಶಾಲೆಗಳು ಆ ಪಟ್ಟಿಯಲ್ಲಿವೆ. ಯಾವ ಕಡತದಲ್ಲೂ ಇದು ಬರುವುದಿಲ್ಲ. ಸೇವೆಯಲ್ಲಿದ್ದಾಗ ನಾನೂ ಪತ್ರಿಕೆಗೆ ಹೀಗೆಲ್ಲ ಬರೆಯುವ ಹಾಗಿರಲಿಲ್ಲ, ನಡತೆ ನಿಯಮ ಅಡ್ಡ ಬರುತ್ತಿತ್ತು. ನಿವೃತ್ತಿಯಿಂದ ಇಷ್ಟಾದರೂ ಲಾಭ ಆಗಲಿ.

ನಾನು ಕೆಲಸ ಮಾಡಿದ ಒಂದು ಶಾಲೆಯ ಮುಖ್ಯ ಶಿಕ್ಷಕರು ಬಹಳ ಪ್ರಾಮಾಣಿಕರು. ಬಿಸಿಯೂಟದ ಅಕ್ಕಿಯಲ್ಲಿ ಒಂದು ಹಿಡಿ ಆಚೀಚೆ ಆಗುತ್ತಿರಲಿಲ್ಲ. ಲೆಕ್ಕಪತ್ರ ನೋಡಿದ ಸಾಹೇಬರೆಲ್ಲ ಹೊಗಳಿಯೇ ಹೋಗುತ್ತಿದ್ದರು. ಆದರೆ ತಡವಾಗಿ ಬಂದವರಿಗೆ ಗುರುತು ಹಾಕಲು ಅವರ ಕಿಸೆಯಲ್ಲಿ ಸದಾ ಒಂದು ಕೆಂಪು ಪೆನ್ನು. ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತಿತಲ್ಲ, ಅದರ ಬಸ್ಸನ್ನೇ ನಂಬಿಕೊಂಡಿದ್ದವರ ಪಾಡು ಮಲೆನಾಡಿನಲ್ಲಿ ಯಾರಿಗೂ ಹೇಳಬೇಕಿಲ್ಲ. ನಮ್ಮ ಹಿಂದಿ ಟೀಚರ್ ಕೂಡ ಅವರಲ್ಲಿ ಒಬ್ಬರು. ಒಂದು ಬೆಳಿಗ್ಗೆ ಬಸ್ ತಪ್ಪಿ, ಯಾರದೋ ಪಿಕಪ್ ಹತ್ತಿಕೊಂಡು ಬಂದರು. ಆಗಲೇ ಪ್ರಾರ್ಥನೆ ನಡೆಯುತ್ತಿತ್ತು. ಎಚ್‌ಎಂ ಮೈಕಿನಲ್ಲೇ ಕೇಳಿದರು, ‘ಮೇಡಂ, ಈಗ ಗಂಟೆ ಎಷ್ಟು?’ ಮಕ್ಕಳೆಲ್ಲ ಕಿಸಕ್ಕನೆ ನಕ್ಕರು.

ಮರುದಿನ ಒಂಬತ್ತನೇ ತರಗತಿಯ ಹುಡುಗನಿಗೆ ಆ ಟೀಚರ್ ಹೋಂವರ್ಕ್ ಎಲ್ಲಿ ಅಂತ ಕೇಳಿದರೆ, ಅವನು ಅದೇ ರಾಗದಲ್ಲಿ ‘ಮೇಡಂ, ಗಂಟೆ ಎಷ್ಟು?’ ಅಂದ. ಹುಡುಗನಿಗೆ ಶಿಕ್ಷೆಯಾಯಿತು. ಅವನಿಗೆ ಈ ಮಾತು ಕಲಿಸಿದ್ದು ಯಾರು ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ.

ಬಾಯಿ ಬಿಡದಿರುವುದೇ ಆ ಶಾಲೆಯ ಅಭ್ಯಾಸವಾಗಿತ್ತು. ಪ್ರಯೋಗಾಲಯದ ಹೆಂಚು ಜರುಗಿ ಕಪಾಟಿನ ಮೇಲೆ ನೀರು ಸೋರುತ್ತಿದ್ದುದನ್ನು ಜೂನ್‌ನಲ್ಲೇ ನೋಡಿದವರಿದ್ದರು. ಹೇಳಿದವರ ತಲೆಗೇ ಕೆಲಸ, ಜೊತೆಗೆ ‘ಇಷ್ಟು ದಿನ ಏನು ಮಾಡ್ತಿದ್ರಿ?’ ಅನ್ನುವ ಬೈಗುಳ. ಅದಕ್ಕೆ ಎಲ್ಲರೂ ಸುಮ್ನೆ ಇದ್ದರು. ಆಗಸ್ಟ್ ಹೊತ್ತಿಗೆ ರಾಸಾಯನಿಕದ ಡಬ್ಬಿಗಳೆಲ್ಲ ನೆನೆದು ಹಾಳಾಗಿದ್ದವು. ಊಟದ ಹೊತ್ತಿಗೆ ಎರಡು ಗುಂಪು. ಪ್ರತಿಭಾ ಕಾರಂಜಿಗೆ ಮಕ್ಕಳನ್ನು ತಯಾರು ಮಾಡಲು ಯಾರೂ ಮುಂದೆ ಬರುತ್ತಿರಲಿಲ್ಲ. ಯಾರಾದರೂ ರಜೆ ಹಾಕಿದರೆ ಅವರ ಪೀರಿಯಡ್‌ಗಳೆಲ್ಲ ಅತಿಥಿ ಶಿಕ್ಷಕಿಯ ಪಾಲಿಗೆ. ಕಡಿಮೆ ಗೌರವಧನದವರಿಗೆ ಜಾಸ್ತಿ ಕೆಲಸ, ಇದು ಯಾವ ನ್ಯಾಯವೋ!

ಅಲ್ಲಿಂದ ನಾನು ಹೋದದ್ದು ಹೊಸನಗರ ಕಡೆಯ ಒಂದು ಶಾಲೆಗೆ. ಕಟ್ಟಡ ಹಳೆಯದು, ಮೊಬೈಲ್ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಅಲ್ಲಿನ ಎಚ್‌ಎಂ ಮಾತು ಕಡಿಮೆ. ಅವರು ಭಾಷಣ ಮಾಡಿದ್ದನ್ನು ನಾನು ಕಂಡಿಲ್ಲ. ಅವರು ಮಾಡುತ್ತಿದ್ದ ಸಣ್ಣಪುಟ್ಟ ಕೆಲಸಗಳನ್ನೇ ಇಲ್ಲಿ ಹೇಳುತ್ತೇನೆ.

ಇಲಾಖೆಯ ವಾಟ್ಸಾಪ್ ಗ್ರೂಪಿನಲ್ಲಿ ರಾತ್ರಿ ಸಂದೇಶ ಬರುವುದು ಎಲ್ಲರಿಗೂ ಗೊತ್ತಿರುವ ವಿಷಯ. ‘ನಾಳೆ 11 ಗಂಟೆಯೊಳಗೆ ಮಾಹಿತಿ ಸಲ್ಲಿಸುವುದು.’ ಹೆಚ್ಚಿನ ಎಚ್‌ಎಂಗಳು ಅದನ್ನು ಹಾಗೇ ಶಾಲೆಯ ಗ್ರೂಪಿಗೆ ಒತ್ತಿ ಮಲಗುತ್ತಾರೆ. ನಿದ್ದೆ ಕೆಡುವುದು ಉಳಿದವರದ್ದು. ಇವರು ಹಾಗೆ ಮಾಡುತ್ತಿರಲಿಲ್ಲ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ, ಯಾರಿಗೆ ಸಂಬಂಧಿಸಿದ್ದೋ ಅವರನ್ನು ಮಾತ್ರ ಕರೆದು ಹೇಳುತ್ತಿದ್ದರು. ಸ್ಯಾಟ್ಸ್ (ಮಕ್ಕಳ ದಾಖಲೆಯ ಆನ್‌ಲೈನ್ ವ್ಯವಸ್ಥೆ) ಎಂಟ್ರಿ ಯಾರು, ಬಿಸಿಯೂಟದ ಲೆಕ್ಕ ಯಾರು, ವಿದ್ಯಾರ್ಥಿವೇತನದ ಅರ್ಜಿ ಯಾರು ಅಂತ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದರು. ಎಲ್ಲರೂ ತಪ್ಪಿಸಿಕೊಳ್ಳುವ ಯು-ಡೈಸ್ (ಶಾಲೆಯ ಅಂಕಿಅಂಶ ತುಂಬುವ) ಕೆಲಸದ ಮುಂದೆ ಅವರದೇ ಹೆಸರಿತ್ತು. ಬೇರೆಯವರ ಪೀರಿಯಡ್ ತೆಗೆದುಕೊಳ್ಳುವ ಸರದಿಯಲ್ಲೂ ಮೊದಲು ಅವರೇ. ಅತಿಥಿ ಶಿಕ್ಷಕರ ಸರದಿ ಎಲ್ಲರ ಹಾಗೇ ಬರುತ್ತಿತ್ತು, ಜಾಸ್ತಿ ಇಲ್ಲ.

ಶನಿವಾರ ಮಧ್ಯಾಹ್ನದ ಮೀಟಿಂಗಿಗೆ ಅಡುಗೆಯವರನ್ನೂ ಕರೆಯುತ್ತಿದ್ದರು. ಮೊದಮೊದಲು ನಮಗೇ ಇರುಸುಮುರುಸು. ಅವರೂ ಬಾಗಿಲ ಹತ್ತಿರವೇ ನಿಲ್ಲುತ್ತಿದ್ದರು. ಎಚ್‌ಎಂ ಎದ್ದು ಕುರ್ಚಿ ಹಾಕಿಸಿದರು. ಒಂದು ಸಲ ಆ ಅಕ್ಕ, ‘ಹಿನ್ನೀರ ಆಚೆಯಿಂದ ಬರೋ ಹುಡುಗ ಬೆಳಿಗ್ಗೆ ಏನೂ ತಿನ್ನದೇ ಬರ್ತಾನೆ ಸರ್, ಹಾಲು ಕೊಡೋ ಹೊತ್ತಿಗೆ ಅವನ ಕೈ ನಡುಗ್ತಿರತ್ತೆ’ ಅಂದರು. ಅವನು ತರಗತಿಯಲ್ಲಿ ತೂಕಡಿಸುತ್ತಾನೆ ಅಂತ ನಾವು ಮೂವರು ಶಿಕ್ಷಕರು ದೂರು ಹೇಳಿದ್ದೆವು. ಕಾರಣ ಗೊತ್ತಿದ್ದದ್ದು ಅಡುಗೆಮನೆಗೆ. ಸೋಮವಾರದಿಂದ ಕ್ಷೀರಭಾಗ್ಯದ ಹಾಲು ಪ್ರಾರ್ಥನೆಗೆ ಮೊದಲೇ ಸಿಗತೊಡಗಿತು. ಅದಕ್ಕೆ ಯಾವ ಸುತ್ತೋಲೆಯೂ ಬೇಕಾಗಲಿಲ್ಲ.

ಹಾಗಂತ ಅವರು ಮೆತ್ತಗಿನ ಮನುಷ್ಯರಲ್ಲ. ಒಬ್ಬ ಶಿಕ್ಷಕರು ನೋಟ್ಸ್ ತಿದ್ದುತ್ತಲೇ ಇರಲಿಲ್ಲ. ಪೋಷಕರು ಬಂದು ಗಲಾಟೆ ಮಾಡಿದರು. ‘ನಾನು ವಿಚಾರಿಸ್ತೀನಿ’ ಅಂತ ಅವರನ್ನು ಕಳಿಸಿ, ಆಮೇಲೆ ಶಿಕ್ಷಕರೊಬ್ಬರನ್ನೇ ಕೊಠಡಿಗೆ ಕರೆದರು. ಮತ್ತೆ ಹಾಗೇ ಆದಾಗ ಲಿಖಿತ ನೋಟಿಸ್ಸನ್ನೇ ಕೊಟ್ಟರು, ಮುಚ್ಚಿದ ಲಕೋಟೆಯಲ್ಲಿ. ಒಳ್ಳೆಯ ವಾತಾವರಣ ಅಂದರೆ ಎಲ್ಲರನ್ನೂ ಅವರ ಪಾಡಿಗೆ ಬಿಡುವುದು ಅಂತ ತಿಳಿದ ಎಚ್‌ಎಂಗಳನ್ನೂ ನೋಡಿದ್ದೇನೆ. ಅಂಥ ಕಡೆ ಕೆಲಸ ಮಾಡುವವರೇ ಮೊದಲು ಸೋಲುತ್ತಾರೆ.

ಮುಖ್ಯ ಶಿಕ್ಷಕರ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಎಷ್ಟೋ ಕಡೆ ಇರುವುದು ಪ್ರಭಾರಿಗಳು. ಪಾಠವನ್ನೂ ಮಾಡಬೇಕು, ಬಿಲ್ಲಿಗೂ ಓಡಾಡಬೇಕು. ಮೇಲೆ ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡ. 2024ರಲ್ಲಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್, ಅಂದರೆ ಪರೀಕ್ಷಾ ಕೊಠಡಿಯನ್ನು ಕ್ಯಾಮೆರಾದಲ್ಲಿ ನೇರ ನೋಡುವ ವ್ಯವಸ್ಥೆ ಬಂತು. 2025ರ ಮೊದಲ ಪರೀಕ್ಷೆಯಲ್ಲಿ ರಾಜ್ಯದ ಫಲಿತಾಂಶ ಶೇ 62.34. ನಮ್ಮ ಶಿವಮೊಗ್ಗ ಜಿಲ್ಲೆ ಶೇ 82.29 ಪಡೆದು ನಾಲ್ಕನೇ ಸ್ಥಾನದಲ್ಲಿತ್ತು. ಸಂತೋಷವೇ. ಆದರೆ ಮೇಲಿನಿಂದ ಬಂದ ಬಿರುಸನ್ನು ಎಚ್‌ಎಂ ಹಾಗೇ ಕೆಳಗೆ ದಾಟಿಸಿದರೆ, ಅದು ಕೊನೆಗೆ ಬೀಳುವುದು ಗಣಿತದಲ್ಲಿ ಹಿಂದಿರುವ ಮಗುವಿನ ಮೇಲೆ. ಹೊಸನಗರದ ಆ ಎಚ್‌ಎಂ ನಮಗೆ ಗೊರಬಿನ (ಮಳೆಗೆ ತಲೆ-ಬೆನ್ನಿಗೆ ಹೊದೆಯುವ ಎಲೆಯ ಹೊದಿಕೆ) ಹಾಗಿದ್ದರು. ಮಳೆಯನ್ನು ತಾವು ತಡೆದುಕೊಂಡು, ನಮ್ಮ ಜೊತೆ ಕೂತು ಒಂದೊಂದು ಮಗುವಿನ ಹೆಸರು ಹಿಡಿದು ಮಾತಾಡುತ್ತಿದ್ದರು. ಯಾರ ವಿಷಯದಲ್ಲಿ ಎಷ್ಟು ಫೇಲ್ ಅನ್ನುವ ಪಟ್ಟಿಯನ್ನು ಗೋಡೆಗೆ ಹಚ್ಚಲಿಲ್ಲ.

ಇನ್ನು ರಜೆಯ ವಿಷಯ. ಮಹಿಳಾ ನೌಕರರಿಗೆ 180 ದಿನಗಳ ಶಿಶುಪಾಲನಾ ರಜೆ 2021ರಲ್ಲಿ ಬಂತು. ವರ್ಷಕ್ಕೆ 12 ದಿನಗಳ ಮುಟ್ಟಿನ ರಜೆಗೆ 2025ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ಒಪ್ಪಿತು. ಬೆಂಗಳೂರಿನಲ್ಲಿ ತೀರ್ಮಾನ ಆದರೂ ಶಿಕ್ಷಕಿ ಕೈಚಾಚಬೇಕಾದ್ದು ಎಚ್‌ಎಂ ಟೇಬಲ್ಲಿನ ಮುಂದೆಯೇ. ಅಲ್ಲಿ ಗುಮಾಸ್ತರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ)ಯವರು ಕೂತಿರುವಾಗ ‘ಏನು ಕಾರಣ?’ ಅಂತ ಕೇಳಿದರೆ ಯಾವ ಹೆಣ್ಣುಮಗಳು ಆ ರಜೆ ಕೇಳಿಯಾಳು? ಇಂಥ ಅರ್ಜಿಯನ್ನು ನೇರ ತೆಗೆದುಕೊಂಡು, ಸಹಿ ಹಾಕಿ, ವಹಿ ಮುಚ್ಚಿಡುವುದಕ್ಕೆ ಖರ್ಚೇನಿಲ್ಲ.

ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಬಗ್ಗೆಯೂ ಇದೇ ಮಾತು. ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಕಡಿಮೆ ಜನ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ನಮ್ಮ ಮಲೆನಾಡಿನ ಸಣ್ಣ ಶಾಲೆಗಳಿಗೆ ಬೇಕಾದ್ದು ಈ ಎರಡನೆಯದೇ. ಅದರ ವಿಳಾಸವನ್ನು ಯಾವ ಸ್ಟಾಫ್ ರೂಮಿನ ಗೋಡೆಯಲ್ಲೂ ನಾನು ನೋಡಿಲ್ಲ.

ನನ್ನ ಕೋರಿಕೆ ಇಲಾಖೆಗೆ. ಅಧಿಕಾರಿಗಳು ಶಾಲೆಗೆ ಬಂದಾಗ ಹಾಜರಿ ಪುಸ್ತಕ, ನಗದು ಪುಸ್ತಕ, ದಾಸ್ತಾನು ವಹಿ ಎಲ್ಲ ನೋಡುತ್ತಾರೆ. ಜೊತೆಗೆ ಒಂದರ್ಧ ಗಂಟೆ ಎಚ್‌ಎಂ ಇಲ್ಲದೆ ಶಿಕ್ಷಕರ ಜೊತೆ ಕೂರಲಿ, ಅಡುಗೆಯವರನ್ನೂ ಮಾತಾಡಿಸಲಿ. ಒಂದೇ ಶಾಲೆಯಿಂದ ಮೇಲಿಂದ ಮೇಲೆ ಶಿಕ್ಷಕರು ವರ್ಗಾವಣೆ ಕೇಳುತ್ತಿದ್ದರೆ ಯಾಕೆ ಅಂತ ವಿಚಾರಿಸಲಿ. ‘ದೂರ ಸರ್’ ಅನ್ನುವ ಉತ್ತರ ಬಂದರೆ, ಅಷ್ಟೇ ದೂರದ ಪಕ್ಕದ ಶಾಲೆಯಿಂದ ಯಾರೂ ಯಾಕೆ ಹೋಗುತ್ತಿಲ್ಲ ಅಂತಲೂ ನೋಡಲಿ. ಬಡ್ತಿ ಪಡೆದು ಎಚ್‌ಎಂ ಆಗುವವರ ತರಬೇತಿಯಲ್ಲಿ ಲೆಕ್ಕಪತ್ರ, ಆನ್‌ಲೈನ್ ಎಂಟ್ರಿ ಜೊತೆಗೆ ಮೀಟಿಂಗ್ ನಡೆಸುವುದು ಹೇಗೆ, ತಪ್ಪನ್ನು ಎಲ್ಲಿ ಹೇಳಬೇಕು, ಕೆಲಸ ಹಂಚುವುದು ಹೇಗೆ ಅನ್ನುವುದಕ್ಕೂ ಒಂದು ದಿನ ಇಡಲಿ. ಚೆನ್ನಾಗಿ ಶಾಲೆ ನಡೆಸಿ ನಿವೃತ್ತರಾದವರು ಈ ಜಿಲ್ಲೆಯಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರನ್ನೇ ಕರೆದು ಮಾತಾಡಿಸಬಹುದು. ಈ ತರಬೇತಿ ಪ್ರಭಾರಿಗಳಿಗೂ ಸಿಗಬೇಕು. ಜೂನ್ ತಿಂಗಳ ಮಳೆಯೊಳಗೆ ಬೇಡ, ಬೇಸಿಗೆ ರಜೆ ಮುಗಿಯುವ ಮೊದಲೇ ಆದರೆ ಒಳ್ಳೆಯದು.

ಇಂತಿ,
ನಿವೃತ್ತ ವಿಜ್ಞಾನ ಶಿಕ್ಷಕಿ
ತೀರ್ಥಹಳ್ಳಿ, ಶಿವಮೊಗ್ಗ ಜಿಲ್ಲೆ